ಸಂಶೋಧನೆಗೆ ದುಡ್ಡು ಕೊಡುವವರು ಬೆಳೆಗಾರರನ್ನು ಯಾವಾಗ ಕೇಳಬೇಕು?

ಹೂಮಳೆ (ಸುಂಟಿಕೊಪ್ಪ ಕಡೆ)

ಎಲ್ಲರಿಗೂ ನಮಸ್ಕಾರ. ಕೇಂದ್ರ ಸರ್ಕಾರದ ದುಡ್ಡಿನಲ್ಲಿ ನಡೆಯುವ ಒಂದು ಸಂಶೋಧನಾ ಯೋಜನೆಯವರು "ಬೆಳೆಗಾರರ ಸಮಾಲೋಚನಾ ಸಭೆ"ಗೆ ಕರೆದಿದ್ದಾರೆ. ವಿಷಯ ಮಳೆಯ ಬದಲಾವಣೆ, ಕಾಫಿ ಮತ್ತು ಕಾಳುಮೆಣಸು. ಸಭೆ ಜನವರಿ ಮೂರನೇ ವಾರ, ಬೆಳಿಗ್ಗೆ ಹತ್ತೂವರೆಗೆ, ಮಡಿಕೇರಿಯಲ್ಲಿ. ಆಗ ರೋಬಸ್ಟಾ ಕೊಯ್ಲು ಜೋರು. ಕಣದಲ್ಲಿ ಕಾಫಿ ಹರವಿರುತ್ತದೆ. ಆಳು ಸಿಕ್ಕ ದಿನ ಬಿಟ್ಟರೆ ಮತ್ತೆ ಸಿಗುವುದಿಲ್ಲ.

ಆಹ್ವಾನದ ಜೊತೆ ನಾಲ್ಕು ಪುಟದ ಸಾರಾಂಶ ಇದೆ. ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು, ಯಾವ ಹೋಬಳಿಯ ತೋಟಗಳಲ್ಲಿ ಅಳತೆ ಮಾಡಬೇಕು, ಎಷ್ಟು ಉಪಕರಣ ಕೊಳ್ಳಬೇಕು, ಎಲ್ಲ ಮೊದಲೇ ಬರೆದಾಗಿದೆ. ದುಡ್ಡೂ ಮಂಜೂರಾಗಿದೆ. ಹಾಗಾದರೆ ನಮ್ಮ ಹತ್ತಿರ ಕೇಳುವುದು ಏನು ಉಳಿದಿದೆ?

ಅವರು ಅಳೆಯಲು ಹೊರಟಿರುವುದು ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆ. ನಮ್ಮನ್ನು ಈಗ ಕೊಲ್ಲುತ್ತಿರುವುದು ಜನವರಿ ಮಳೆ. ಗಿಡದಲ್ಲಿ ಹಣ್ಣು ಇರುವಾಗಲೇ ಮಳೆ ಬಿದ್ದು ಹೂ ಅರಳಿದರೆ ಕೊಯ್ಯುವುದೋ ಬಿಡುವುದೋ? ಕೊಯ್ದರೆ ಹೂ ಉದುರುತ್ತದೆ, ಬಿಟ್ಟರೆ ಹಣ್ಣು ನೆಲ ಸೇರುತ್ತದೆ. ಈ ಪ್ರಶ್ನೆ ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ.

ಹೋಗಬೇಕಾ, ಬೇಡವಾ? ಹೋದರೆ ಏನು ಕೇಳಬೇಕು? ಅನುಭವ ಇದ್ದವರು ಹೇಳಿ.

ಗದ್ದೆಬದಿ (ಪೊನ್ನಂಪೇಟೆ)

ಸುಮ್ನೆ ಕಾಫಿ ಕೊಯ್ಯಿರಿ ಅಣ್ಣ. ಇಂಥ ಸಭೆ ನಾನು ನೋಡಿದ್ದೇನೆ. ಬಾಗಿಲಲ್ಲೇ ಹಾಜರಿ ಪುಸ್ತಕ. ಹೆಸರು, ಊರು, ಮೊಬೈಲ್ ನಂಬರ್, ಸಹಿ. ಒಳಗೆ ಬ್ಯಾನರ್, ದೀಪ, ಸ್ವಾಗತ ಭಾಷಣ, ಹೂಗುಚ್ಛ. ಆಮೇಲೆ ಒಂದು ಗಂಟೆ ಪರದೆ ಮೇಲೆ ಗ್ರಾಫು. ಊಟಕ್ಕೆ ಹತ್ತು ನಿಮಿಷ ಮುಂಚೆ "ರೈತರು ಏನಾದರೂ ಕೇಳುವುದಿದ್ದರೆ" ಅಂತಾರೆ. ಯಾರೋ ಒಬ್ಬರು ಎದ್ದು ಆನೆ ಕಾಟದ ಬಗ್ಗೆ ಮಾತಾಡುತ್ತಾರೆ. ಅದು ಅರಣ್ಯ ಇಲಾಖೆಗೆ ಸೇರಿದ್ದು ಅಂತ ಉತ್ತರ. ಫೋಟೋ, ಪಲಾವ್, ಮುಗೀತು. ವರದಿಯಲ್ಲಿ "ಬೆಳೆಗಾರರೊಂದಿಗೆ ಸಮಾಲೋಚಿಸಲಾಗಿದೆ" ಅಂತ ಬರೆಯಲು ಅವರಿಗೆ ಬೇಕಾದದ್ದು ಆ ಹಾಜರಿ ಪುಸ್ತಕದ ಸಹಿ.

ಕಾಫಿ ಮಾರಿದ ಮೇಲೆ ರೇಟು ಕೇಳಿದ ಹಾಗೆ ಇದು.

ಹಳೇ ವಿಸ್ತರಣೆ (ಮಡಿಕೇರಿ)

ಗದ್ದೆಬದಿಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅಂಥ ಸಭೆಗಳಲ್ಲಿ ಬ್ಯಾನರ್ ಕಟ್ಟಿಸಿದವರಲ್ಲಿ ನಾನೂ ಒಬ್ಬ, ಈಗ ನಿವೃತ್ತ. ಆದರೆ ಹೋಗಬೇಡಿ ಅನ್ನುವ ಸಲಹೆ ತಪ್ಪು. ಒಳಗಿನ ವ್ಯವಸ್ಥೆ ಸ್ವಲ್ಪ ಹೇಳುತ್ತೇನೆ.

ನಮ್ಮ ಕೊಡಗು ಜಿಲ್ಲೆ ಚಿಕ್ಕದು, ಆದರೆ ಸರ್ಕಾರಿ ಸಂಶೋಧನೆಗೆ ಬರಗಾಲ ಇಲ್ಲ. ಕಾಫಿ ಬೋರ್ಡು 1942ರ ಕಾಯ್ದೆಯಿಂದ ನಡೆಯುತ್ತಿದೆ. ಅದರ ಮುಖ್ಯ ಸಂಶೋಧನಾ ಕೇಂದ್ರ ಬಾಳೆಹೊನ್ನೂರಿನಲ್ಲಿ, 1925ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಶುರುವಾದದ್ದು. ಉಪಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲಿ. ಅದೇ ಚೆಟ್ಟಳ್ಳಿಯಲ್ಲಿ ಹಣ್ಣಿನ ಬೆಳೆಗಳಿಗೆ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ. ಅಪ್ಪಂಗಳದಲ್ಲಿ ಕಲ್ಲಿಕೋಟೆಯ ಸಂಬಾರ ಬೆಳೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಏಲಕ್ಕಿ ಮೆಣಸಿಗೆ. ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು. ಇವುಗಳಲ್ಲಿ ಹೆಚ್ಚಿನವು ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ದುಡ್ಡಿನಲ್ಲೋ ಕಾಫಿ ಬೋರ್ಡಿನ ದುಡ್ಡಿನಲ್ಲೋ ನಡೆಯುತ್ತವೆ.

ಈಗ ಮುಖ್ಯ ಮಾತು. ಇಲ್ಲೆಲ್ಲ ರೈತರಿಗೆ ಕಾಗದದ ಮೇಲೆ ಜಾಗ ಇದೆ. ಪ್ರತಿ ಕೃಷಿ ವಿಜ್ಞಾನ ಕೇಂದ್ರಕ್ಕೂ ಒಂದು ವೈಜ್ಞಾನಿಕ ಸಲಹಾ ಸಮಿತಿ. ಅದರಲ್ಲಿ ರೈತರು, ರೈತ ಮಹಿಳೆಯರು ಇರಬೇಕು. ಐಸಿಎಆರ್ ಸಂಸ್ಥೆಗಳ ಸಂಶೋಧನಾ ಸಲಹಾ ಸಮಿತಿಯಲ್ಲಿ ರೈತರ ಪರವಾಗಿ ಕೂರುವವರು ಇರುತ್ತಾರೆ. ಕಾಫಿ ಬೋರ್ಡಿನಲ್ಲಿ ಬೆಳೆಗಾರರ ಪ್ರತಿನಿಧಿಗಳು. ಕೃಷಿ ವಿಸ್ತರಣೆಗೆ ಇರುವ ಆತ್ಮ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ರೈತ ಸಲಹಾ ಸಮಿತಿ. ಆತ್ಮದ ನಿಯಮದ ಪ್ರಕಾರ ಹಳ್ಳಿಗೆ ಹೋಗಿ, ಜನರನ್ನು ಕೇಳಿ, ಜಿಲ್ಲೆಗೆ ಒಂದು ಸಂಶೋಧನೆ ಮತ್ತು ವಿಸ್ತರಣಾ ಯೋಜನೆ ಬರೆಯಬೇಕು. ಅದರಲ್ಲಿ "ಇದಕ್ಕೆ ಉತ್ತರ ಇನ್ನೂ ಇಲ್ಲ, ಸಂಶೋಧನೆ ಆಗಬೇಕು" ಅನ್ನುವ ವಿಷಯಗಳೂ ಬರಬೇಕು.

ನಿಮ್ಮ ಊರಿನಿಂದ ಆ ಸಮಿತಿಗಳಲ್ಲಿ ಯಾರು ಕೂತಿದ್ದಾರೆ ಗೊತ್ತಾ? ಸಾಮಾನ್ಯವಾಗಿ ಪ್ರಶಸ್ತಿ ಬಂದ ರೈತರು, ದೊಡ್ಡ ತೋಟದವರು, ಅಧಿಕಾರಿಗಳಿಗೆ ಫೋನಿನಲ್ಲಿ ಸಿಗುವವರು. ಕೆಟ್ಟವರು ಅಂತಲ್ಲ. ಆದರೆ ಎರಡು ಎಕರೆಯವರ ಸಮಸ್ಯೆ ಅವರಿಗೆ ಇರುವುದಿಲ್ಲ.

ಒಂದು ಗುಟ್ಟು. ಸಭೆಯಲ್ಲಿ ಆಡಿದ ಮಾತಿಗೆ ಬೆಲೆ ಇಲ್ಲ, ನಡಾವಳಿಯಲ್ಲಿ ಬರೆದದ್ದಕ್ಕೆ ಇದೆ. ಸಲಹಾ ಸಮಿತಿಯ ಸಭೆ ಶುರುವಾಗುವುದೇ ಹಿಂದಿನ ಸಲಹೆಗಳ ಮೇಲೆ ಕೈಗೊಂಡ ಕ್ರಮದ ವರದಿಯಿಂದ. ನಿಮ್ಮ ಪ್ರಶ್ನೆ ನಡಾವಳಿಗೆ ಹೋದರೆ ಮುಂದಿನ ಸಲ "ಇದಕ್ಕೆ ಏನು ಮಾಡಿದಿರಿ" ಅಂತ ಯಾರಾದರೂ ಓದಲೇಬೇಕು. ನಾನು ನೌಕರಿಯಲ್ಲಿದ್ದಾಗ ನಮ್ಮವರು ಹೆದರುತ್ತಿದ್ದದ್ದು ಆ ಒಂದು ಕಾಗದಕ್ಕೆ ಮಾತ್ರ. ಹಾಗಾಗಿ ಬಾಯಲ್ಲಿ ಹೇಳಬೇಡಿ. ಬರೆದುಕೊಂಡು ಹೋಗಿ, ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ.

ದೂರದ ವಿರಾಜಪೇಟೆ (ಈಗ ಇಂಗ್ಲೆಂಡ್)

ನಾನು ಇಲ್ಲಿ ನರ್ಸ್. ಇಲ್ಲಿ ಆರೋಗ್ಯ ಸಂಶೋಧನೆಗೆ ದುಡ್ಡು ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್‌ಆರ್, 2006ರಲ್ಲಿ ಶುರುವಾಯಿತು. ಯಾವ ಅರ್ಜಿಗೆ ದುಡ್ಡು ಕೊಡಬೇಕು ಅಂತ ನೋಡುವ ಸಮಿತಿಯಲ್ಲಿ ಡಾಕ್ಟರುಗಳ ಪಕ್ಕ ಸಾಮಾನ್ಯ ಜನರೂ ಕೂರುತ್ತಾರೆ. ರೋಗಿಗಳು, ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವವರು. ಅರ್ಜಿ ಹಾಕುವವರು ಜನರ ಹತ್ತಿರ ಏನು ಕೇಳಿದಿರಿ, ಅದರಿಂದ ನಿಮ್ಮ ಯೋಜನೆಯಲ್ಲಿ ಏನು ಬದಲಾಯಿತು ಅಂತ ಬರೆಯಬೇಕು. ಬಂದವರಿಗೆ ಸಮಯಕ್ಕೆ ದುಡ್ಡು, ಪ್ರಯಾಣದ ಖರ್ಚು, ಮಗು ನೋಡಿಕೊಳ್ಳುವ ಖರ್ಚು ಕೂಡ ಕೊಡುತ್ತಾರೆ. ಊಟದ ಪೊಟ್ಟಣ ಕೊಟ್ಟು ಕಳುಹಿಸುವುದಿಲ್ಲ.

ಇನ್ನೊಂದು ವ್ಯವಸ್ಥೆ ಜೇಮ್ಸ್ ಲಿಂಡ್ ಅಲಯನ್ಸ್, 2004ರದ್ದು. ಒಂದು ಕಾಯಿಲೆ ಹಿಡಿದು, ರೋಗಿಗಳು ಮತ್ತು ವೈದ್ಯರ ಹತ್ತಿರ ನಿಮಗೆ ಉತ್ತರ ಸಿಗದ ಪ್ರಶ್ನೆ ಯಾವುದು ಅಂತ ಕೇಳುತ್ತಾರೆ. ಬಂದ ಪ್ರಶ್ನೆಗಳಲ್ಲಿ ಉತ್ತರ ಈಗಾಗಲೇ ಇದ್ದದ್ದನ್ನು ತೆಗೆಯುತ್ತಾರೆ. ಉಳಿದದ್ದನ್ನು ಎಲ್ಲರೂ ಒಟ್ಟಿಗೆ ಕೂತು ಜರಡಿ ಹಿಡಿದು ಕೊನೆಗೆ ಹತ್ತು ಪ್ರಶ್ನೆ ಉಳಿಸುತ್ತಾರೆ. ಆ ಪಟ್ಟಿ ಪ್ರಕಟವಾಗುತ್ತದೆ, ದುಡ್ಡು ಕೊಡುವವರು ಅದನ್ನು ನೋಡುತ್ತಾರೆ.

ಇದು ಯಾಕೆ ಬೇಕಾಯಿತು ಅಂದರೆ, ಮಂಡಿ ಸವೆತದ ಬಗ್ಗೆ 2000ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ನಡೆದಿದ್ದ ಸಂಶೋಧನೆಯಲ್ಲಿ ಬಹುಪಾಲು ಔಷಧಿಯ ಮೇಲೆ. ರೋಗಿಗಳಿಗೆ ಬೇಕಾಗಿದ್ದದ್ದು ಮಂಡಿ ಬದಲಿಸುವ ಆಪರೇಷನ್ ಬಗ್ಗೆ, ಕಾಯಿಲೆಯನ್ನು ನಿಭಾಯಿಸುವ ತಿಳುವಳಿಕೆ ಬಗ್ಗೆ. ಹೂಮಳೆಯವರು ಹೇಳಿದ ಜನವರಿ ಮಳೆಯ ಕಥೆ ಓದಿದಾಗ ಅದೇ ನೆನಪಾಯಿತು.

ಇಲ್ಲಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಸಮಿತಿಗೆ ಬರುವವರು ಹೆಚ್ಚಾಗಿ ಓದಿದ, ನಿವೃತ್ತರಾದ ಬಿಳಿಯರು. ನಮ್ಮಂಥವರು ಕಡಿಮೆ. ರಾತ್ರಿ ಪಾಳಿ ಮುಗಿಸಿ ಯಾರು ಸಮಿತಿಗೆ ಹೋಗುತ್ತಾರೆ?

ಗದ್ದೆಬದಿ

ಅಕ್ಕ, ಅದು ಕಾಸಿದ್ದವರ ದೇಶ. ಇಲ್ಲಿ ಮೊದಲು ದುಡ್ಡು ಎಲ್ಲಿಂದ ಬರುತ್ತದೆ ಅಂತಾದರೂ ಹೇಳಲಿ.

ಬೆಟ್ಟದನೆಲ್ಲಿ (ಸಂಶೋಧನಾ ವಿದ್ಯಾರ್ಥಿನಿ)

ಅದನ್ನು ನಾನು ಹೇಳಬಲ್ಲೆ. ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ಶೇ. 0.64, ಇದು 2020-21ರ ಲೆಕ್ಕ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸರ್ಕಾರದ್ದೇ. ಅಂದರೆ ನಿಮ್ಮ ದುಡ್ಡೇ. ಈಗ 2023ರ ಕಾಯ್ದೆಯಿಂದ, ಸಂಶೋಧನೆಗೆ ದುಡ್ಡು ಹಂಚಲು ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಬಂದಿದೆ. ಮೊದಲು ಈ ಕೆಲಸ ಮಾಡುತ್ತಿದ್ದ ಎಸ್‌ಇಆರ್‌ಬಿ ಮಂಡಳಿ ಇದರೊಳಗೆ ಸೇರಿತು. 5 ವರ್ಷಕ್ಕೆ 50,000 ಕೋಟಿ ರೂಪಾಯಿ ಅಂತ ಘೋಷಣೆ. ಅದರಲ್ಲಿ 36,000 ಕೋಟಿ ಸರ್ಕಾರದ ಬಜೆಟ್ಟಿನ ಹೊರಗಿನಿಂದ, ಮುಖ್ಯವಾಗಿ ಉದ್ಯಮದಿಂದ, ಬರಬೇಕು. ಆಡಳಿತ ಮಂಡಳಿಗೆ ಪ್ರಧಾನಿಯೇ ಅಧ್ಯಕ್ಷರು. ದುಡ್ಡು ಹಾಕುವ ಉದ್ಯಮದವರ ಮಾತಿಗೆ ಅಲ್ಲಿ ತೂಕ ಇರುತ್ತದೆ. ಎರಡು ಎಕರೆ ಕಾಫಿಯವರ ಮಾತು ಅಲ್ಲಿಗೆ ಯಾವ ದಾರಿಯಲ್ಲಿ ಹೋಗಬೇಕು, ನನಗೆ ಕಾಣುವುದಿಲ್ಲ.

ಈಗ ನಮ್ಮ ಕಡೆಯ ಕಷ್ಟವನ್ನೂ ಕೇಳಿ. ಯೋಜನೆಗೆ ಅರ್ಜಿ ಹಾಕಿ ಅಂತ ಕರೆ ಬರುತ್ತದೆ, ಕೆಲವೇ ವಾರ ಸಮಯ. ಅಷ್ಟರಲ್ಲಿ ಪ್ರಶ್ನೆ, ವಿಧಾನ, ಬಜೆಟ್ ಎಲ್ಲ ಬರೆಯಬೇಕು. ತೋಟಕ್ಕೆ ಬಂದು ನಿಮ್ಮನ್ನು ಕೇಳೋಣ ಅಂದರೆ ಆಗಿನ್ನೂ ದುಡ್ಡೇ ಬಂದಿರುವುದಿಲ್ಲ. ಜೀಪಿನ ಬಾಡಿಗೆ ಯಾರು ಕೊಡುತ್ತಾರೆ? ದುಡ್ಡು ಬಂದ ಮೇಲೆ ಕೇಳೋಣ ಅಂದರೆ ಪ್ರಶ್ನೆ ಬದಲಿಸಲು ಅನುಮತಿ ಸಿಗುವುದು ಕಷ್ಟ. ಮಂಜೂರಾದ ಉದ್ದೇಶ ಬಿಟ್ಟು ಬೇರೆ ಮಾಡಿದರೆ ಲೆಕ್ಕ ಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತೇವೆ. ಸಮಾಜಕ್ಕೆ ಏನು ಉಪಯೋಗ ಅನ್ನುವ ಒಂದು ಕಾಲಂ ಇರುತ್ತದೆ. ಅದನ್ನು ಕೊನೆಯ ದಿನ ರಾತ್ರಿ ತುಂಬುತ್ತೇವೆ, ಮುಚ್ಚಿಡುವುದೇನು. ನಮ್ಮನ್ನು ಅಳೆಯುವುದು ಪ್ರಕಟವಾದ ಪ್ರಬಂಧಗಳಿಂದ.

2022ರಲ್ಲಿ ವಿಜ್ಞಾನ ತಂತ್ರಜ್ಞಾನ ಇಲಾಖೆ ವಿಜ್ಞಾನಿಗಳ ಸಾಮಾಜಿಕ ಜವಾಬ್ದಾರಿ ಬಗ್ಗೆ ಮಾರ್ಗಸೂಚಿ ತಂದಿತು. ವರ್ಷಕ್ಕೆ ಕನಿಷ್ಠ 10 ದಿನ ತಮ್ಮ ಜ್ಞಾನವನ್ನು ಸಮಾಜದ ಜೊತೆ ಹಂಚಿಕೊಳ್ಳಿ ಅಂತ. ಒಳ್ಳೆಯದೇ. ಆದರೆ ಅದು ನಾವು ಹೇಳುವುದು, ನೀವು ಕೇಳುವುದು. ತಿರುಗಿಸಿ ನೋಡಿದರೆ ಏನೂ ಇಲ್ಲ.

ಹಾಗಾಗಿ ಸಭೆಯಲ್ಲಿ ಯೋಜನೆಯ ಹುಡುಗ ಹುಡುಗಿಯರ ಮೇಲೆ ಹರಿಹಾಯಬೇಡಿ. ಅವರ ಕೈಯಲ್ಲಿ ಏನೂ ಇರುವುದಿಲ್ಲ. ಕರೆ ಹೊರಡಿಸುವ ಮೊದಲೇ ಕೇಳಿ, ಕೇಳುವುದಕ್ಕೆ ಬೇರೆ ಸಣ್ಣ ದುಡ್ಡು ಇಡಿ ಅಂತ ಮೇಲಿನವರಿಗೆ ಬರೆಯಿರಿ.

ಲೆಕ್ಕಪತ್ರ (ಕುಶಾಲನಗರ)

ಮೇಲಿನವರು ಕೇಳಲೇ ಇಲ್ಲ ಅಂತ ಹೇಳುವ ಹಾಗಿಲ್ಲ. ಹೊಸ ವಿಜ್ಞಾನ ನೀತಿಯ ಕರಡಿನ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳಿದ್ದರು. ಕರಡು ಬಂದದ್ದು 2020ರ ಡಿಸೆಂಬರ್ ಕೊನೆಗೆ. ಅಭಿಪ್ರಾಯ ಕೊಡಲು 2021ರ ಜನವರಿ ತನಕ. ಅದೇ ಜನವರಿ ಮೊದಲ ವಾರ ಅಕಾಲ ಮಳೆ ಬಂದು ಕಣದ ಕಾಫಿ ನೆನೆದದ್ದು ನಿಮಗೆಲ್ಲ ನೆನಪಿರಬೇಕು. ನಾವು ಟಾರ್ಪಾಲು ಹಿಡಿದು ಓಡುತ್ತಿದ್ದೆವು. ಡೆಲ್ಲಿಗೆ ಇಮೇಲ್ ಬರೆಯುವವರು ಯಾರು?

ಏಲಕ್ಕಿಮಲೆ (ಸೋಮವಾರಪೇಟೆ)

ಬೆಳೆಗಾರರನ್ನು ಕೇಳಲಿಲ್ಲ, ಬೆಳೆಗಾರರನ್ನು ಕೇಳಲಿಲ್ಲ ಅಂತ ಎಲ್ಲರೂ ಹೇಳುತ್ತಿದ್ದೀರಿ. ತೋಟದಲ್ಲಿ ಬಗ್ಗಿ ಕೆಲಸ ಮಾಡುವವರನ್ನು ನೀವು ಎಂದಾದರೂ ಕೇಳಿದ್ದೀರಾ?

ನಮ್ಮದು ಅರೇಬಿಕಾ ಕಾಫಿ. ಬಿಳಿ ಕಾಂಡಕೊರಕ ಅನ್ನುವ ಹುಳು ಹಿಡಿದ ಗಿಡ ಪತ್ತೆ ಮಾಡುವುದು ನಮ್ಮಲ್ಲಿ ಹೆಂಗಸರು. ಎಲೆ ಹಳದಿಯಾಗಿ ಜೋಲು ಬೀಳುವ ತನಕ ಕಾದರೆ ತಡ. ನಮ್ಮ ಲೈನ್‌ಮನೆಯ (ತೋಟದ ಕೂಲಿಯವರ ಸಾಲುಮನೆ) ಒಬ್ಬ ಅಜ್ಜಿ ಕಾಂಡವನ್ನು ಎರಡು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಒತ್ತುತ್ತಾ ಬರುತ್ತಾರೆ. ತೊಗಟೆಯ ಅಡಿ ಹುಳು ಕೊರೆದ ಕಡೆ ಸಣ್ಣ ಏಣು ಎದ್ದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. "ಇದು ಕಿತ್ತು ಹಾಕಿ" ಅಂತಾರೆ, ಸೀಳಿದರೆ ಒಳಗೆ ಹುಳು. ಏಪ್ರಿಲ್-ಮೇಯಲ್ಲಿ ಮತ್ತು ಅಕ್ಟೋಬರ್‌ನಿಂದ ದುಂಬಿ ಹಾರುತ್ತದೆ, ಅದಕ್ಕಿಂತ ಮೊದಲು ಕಾಂಡ ಉಜ್ಜಿ ಅಂತ ಪುಸ್ತಕದಲ್ಲಿದೆ. ಸರಿ. ಯಾವ ಇಳಿಜಾರಿನಲ್ಲಿ, ಯಾವ ನೆರಳಿನ ಅಡಿ ಜಾಸ್ತಿ ಅಂತ ಆ ಅಜ್ಜಿಗೆ ಗೊತ್ತು. ನನಗೆ ಗೊತ್ತಿಲ್ಲ, ನನ್ನ ಗಂಡನಿಗಂತೂ ಗೊತ್ತಿಲ್ಲ. ಆದರೆ ಸಮೀಕ್ಷೆಯವರು ಬಂದರೆ ಕೂರಿಸುವುದು ನಮ್ಮ ಜಗಲಿಯಲ್ಲಿ, ಮಾತಾಡುವುದು ನಮ್ಮ ಯಜಮಾನರು.

ಹೆಂಗಸರನ್ನು ಕರೆಯಬೇಕು ಅಂದರೆ ದಿನದ ಕೂಲಿ ಕೊಡಬೇಕು. ಇಂಗ್ಲೆಂಡಿನ ಅಕ್ಕ ಹೇಳಿದ್ದು ಅದಕ್ಕೇ ನನಗೆ ಸರಿ ಕಂಡಿತು. ಕೂಲಿ ಬಿಟ್ಟು ಬಂದು ಸಲಹೆ ಕೊಡಿ ಅನ್ನುವುದು ಯಾವ ನ್ಯಾಯ?

ಹಾಡಿಮೇಷ್ಟ್ರು

ಅಕ್ಕ ಒಳ್ಳೆಯ ಮಾತು ಹೇಳಿದರು. ನಾನು ಆರೋಗ್ಯದ ಕಡೆಯದ್ದು ಒಂದು ಸೇರಿಸುತ್ತೇನೆ.

ಜೇನುಕುರುಬ, ಎರವ ಸಮುದಾಯಗಳಲ್ಲಿ ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇದೆ. ನಮ್ಮ ದೇಶದಲ್ಲಿ ಇದು ಮೊದಲು ಗೊತ್ತಾದದ್ದು 1952ರಲ್ಲಿ, ಪಕ್ಕದ ನೀಲಗಿರಿಯ ಬುಡಕಟ್ಟಿನವರಲ್ಲಿ. ಆಗಿನಿಂದ ಹಾಡಿಗಳಿಗೆ (ಬುಡಕಟ್ಟಿನವರ ಊರುಗಳಿಗೆ) ರಕ್ತ ತೆಗೆಯುವವರು ಬರುತ್ತಲೇ ಇದ್ದಾರೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದರ ನಿರ್ಮೂಲನೆಗೆ ರಾಷ್ಟ್ರೀಯ ಮಿಷನ್ ಶುರು ಮಾಡಿತು, 2047ರ ಗುರಿ ಇಟ್ಟುಕೊಂಡು. ತಪಾಸಣೆ ಬೇಕು, ಬೇಡ ಅನ್ನುವುದಿಲ್ಲ.

ಆದರೆ ಅದಕ್ಕಿಂತ ಮುಂಚೆ ಒಂದು ತಂಡ ನಮ್ಮ ಹಾಡಿಗೆ ಬಂದಿತ್ತು. ಹೆಸರು ಬೇಡ. ಶಾಲೆಯ ಜಗಲಿಯಲ್ಲಿ ಮೇಜು ಹಾಕಿ ಮಕ್ಕಳಿಂದ ದೊಡ್ಡವರ ತನಕ ರಕ್ತ ತೆಗೆದರು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದರು. ಫಲಿತಾಂಶ ಬರಲೇ ಇಲ್ಲ. ತಾಯಂದಿರು ಇವತ್ತಿಗೂ "ಮೇಷ್ಟ್ರೇ, ಆ ರಕ್ತ ಏನಾಯಿತು" ಅಂತ ಕೇಳುತ್ತಾರೆ. ಮುಂದಿನ ಸಲ ಬೇರೆ ತಂಡ ಬಂದಾಗ ಅರ್ಧ ಹಾಡಿ ಕಾಡಿಗೆ ಹೋಗಿಬಿಟ್ಟಿತು. ಜನರಿಗೆ ತಿಳುವಳಿಕೆ ಇಲ್ಲ ಅಂತ ಆ ತಂಡ ಬರೆದುಕೊಂಡಿರಬೇಕು.

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು) 2017ರ ನೈತಿಕ ಮಾರ್ಗಸೂಚಿಯಲ್ಲಿ ಸಮುದಾಯವನ್ನು ಮೊದಲಿನಿಂದ ಕೊನೆಯವರೆಗೆ ಜೊತೆಗೆ ಇಟ್ಟುಕೊಳ್ಳಿ ಅಂತ ಇದೆ. ನೈತಿಕ ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯ ವ್ಯಕ್ತಿಯೊಬ್ಬರು ಇರಲೇಬೇಕು ಅಂತಲೂ ಇದೆ. ಆ ಸಾಮಾನ್ಯ ವ್ಯಕ್ತಿ ಯಾವಾಗಲೂ ಪೇಟೆಯ ಮೇಷ್ಟ್ರೋ ವಕೀಲರೋ ಆಗಿರಬೇಕಾ? ಹಾಡಿಯಲ್ಲಿ ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳು ಇದ್ದಾರೆ.

ಗದ್ದೆಬದಿ

ಮೇಷ್ಟ್ರು ಹೇಳಿದ್ದು ಓದಿ ಬಾಯಿ ಕಟ್ಟಿತು. ಆದರೂ ಒಂದು ಕೇಳುತ್ತೇನೆ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಗಾಡ್ಗೀಳ್ ವರದಿ, ಕಸ್ತೂರಿರಂಗನ್ ವರದಿ ಸಮಯದಲ್ಲಿ ನಮ್ಮನ್ನು ಯಾರು ಕೇಳಿದರು?

ಬೆಟ್ಟದನೆಲ್ಲಿ

ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಣ್ಣ. ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಾಗ ಇದನ್ನು ಸ್ಥಳೀಯ ಭಾಷೆಗಳಲ್ಲಿ ಗ್ರಾಮಸಭೆಗಳ ಮುಂದೆ ಇಡಿ, ಸೂಕ್ಷ್ಮ ಪ್ರದೇಶದ ಗಡಿ ಅಲ್ಲೇ ತೀರ್ಮಾನವಾಗಲಿ ಅನ್ನುವ ನಿಲುವು ಇತ್ತು. ಸರ್ಕಾರ ವರದಿಯನ್ನೇ 2012ರ ತನಕ ಹೊರಗೆ ಬಿಡಲಿಲ್ಲ. ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿ ಹಾಕಿ, ಕೋರ್ಟಿನ ತನಕ ಹೋಗಿ ಹೊರಗೆ ತರಬೇಕಾಯಿತು. ಅಷ್ಟರಲ್ಲಿ ಹಳ್ಳಿಗೆ ಬಂದದ್ದು ವರದಿಯಲ್ಲ, ಸುದ್ದಿ. ಮನೆ ಕಟ್ಟುವ ಹಾಗಿಲ್ಲವಂತೆ, ತೋಟ ಹೋಗುತ್ತದಂತೆ. 2013ರ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರ ನೋಡಿ ಸೂಕ್ಷ್ಮ ಪ್ರದೇಶದ ಹಳ್ಳಿಗಳ ಪಟ್ಟಿ ಮಾಡಿತು. ಜನರ ಸಿಟ್ಟು ಎರಡರ ಮೇಲೂ ಒಂದೇ ಸಮ ಬಿತ್ತು.

ನಿರ್ವಾಹಕರು

ಗಾಡ್ಗೀಳ್ ವರದಿಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಸಂಶೋಧನೆಯ ದುಡ್ಡಿನ ವಿಷಯ ಮಾತ್ರ.

ಹೂಮಳೆ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ.

ಮೇಷ್ಟ್ರು ಫಲಿತಾಂಶ ವಾಪಸ್ ಬರದ ವಿಷಯ ಹೇಳಿದಾಗ ನಮ್ಮ ಮಳೆ ಪುಸ್ತಕ ನೆನಪಾಯಿತು. ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಇದು ಇದೆ. ಅಂಗಳದಲ್ಲಿ ಮಳೆಮಾಪಕ, ದಿನಾ ಬೆಳಿಗ್ಗೆ ಅಳತೆ, ಇಂಚು ಸೆಂಟಿನಲ್ಲಿ ಬರೆದಿಡುವುದು. ನಮ್ಮಲ್ಲಿ ಅಪ್ಪ ಬರೆಯುತ್ತಿದ್ದರು, ಈಗ ನಾನು. ಮಳೆಯ ಪಕ್ಕದ ಕಾಲಂನಲ್ಲಿ ಅಪ್ಪ ಏನೇನೋ ಬರೆದಿದ್ದಾರೆ. "ಹೂ ಚೆನ್ನಾಗಿ ಕಟ್ಟಿತು", "ಮೆಣಸು ತಿರಿ ಉದುರಿತು", "ಕೆರೆ ಕೋಡಿ ಬಿತ್ತು". 2018ರ ಆಗಸ್ಟ್ ಪುಟದಲ್ಲಿ ಒಂದು ದಿನ ಅಳತೆಯೇ ಇಲ್ಲ, "ಮಾಪಕ ತುಂಬಿ ಹರಿಯಿತು" ಅಂತ ಮಾತ್ರ ಇದೆ. ಆ ವರ್ಷ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಬೆಟ್ಟ ಜಾರಿದ್ದು. ಆಮೇಲೆ ಬಂದ ತಂಡವೊಂದು ಪುಸ್ತಕದ ಪುಟಗಳ ಫೋಟೋ ಹೊಡೆದುಕೊಂಡು ಹೋಯಿತು. ಮಳೆಯ ಅಂಕಿ ಮಾತ್ರ ಬೇಕು, ಪಕ್ಕದ ಕಾಲಂ ಬೇಡ ಅಂದರು. ನನಗೆ ಗೊತ್ತಿರುವ ಹಾಗೆ ಬೆಲೆ ಇದ್ದದ್ದು ಆ ಪಕ್ಕದ ಕಾಲಂಗೆ. ಎಷ್ಟು ಇಂಚಿಗೆ ಯಾವ ಇಳಿಜಾರಿನ ಕೆರೆ ಕೋಡಿ ಬೀಳುತ್ತದೆ ಅನ್ನುವುದು ಬೇರೆ ಯಾವ ಸ್ಟೇಷನ್ನಿನಲ್ಲಿ ಸಿಗುತ್ತದೆ? ಅವರು ಕೊನೆಗೆ ಏನು ಕಂಡುಕೊಂಡರು ಅಂತ ನಮಗೆ ಯಾರೂ ಹೇಳಲಿಲ್ಲ.

ಸಭೆಗೆ ಹೋಗುತ್ತೇನೆ. ಬರೆದುಕೊಂಡು ಹೋಗುತ್ತೇನೆ. ಪತ್ರ ಯೋಜನೆಯವರಿಗಲ್ಲ, ದುಡ್ಡು ಕೊಟ್ಟ ಸಂಸ್ಥೆಗೆ, ಪ್ರತಿ ಯೋಜನೆಯವರಿಗೆ. ಮುಂದಿನ ಕರೆ ಹೊರಡಿಸುವ ಮೊದಲು ಜಿಲ್ಲೆಯ ಪ್ರಶ್ನೆಗಳನ್ನು ಕೇಳಿ, ಆ ಕೆಲಸ ಕೊಯ್ಲು ಮುಗಿದ ಮೇಲೆ ಇಡಿ. ಕೂಲಿಯವರು ಬಂದರೆ ದಿನಗೂಲಿ ಕೊಡಿ. ನಮ್ಮಿಂದ ಅಂಕಿ ಅಂಶವನ್ನೋ ರಕ್ತವನ್ನೋ ತೆಗೆದುಕೊಂಡರೆ ಫಲಿತಾಂಶ ತಂದುಕೊಡದೆ ಕೊನೆಯ ಕಂತು ಬಿಡುಗಡೆ ಮಾಡಬೇಡಿ. ಈ ಕೊನೆಯದ್ದು ನನ್ನ ಹೆಂಡತಿಯ ಸಲಹೆ, ಕಂಟ್ರಾಕ್ಟರಿಗೆ ದುಡ್ಡು ಕೊಟ್ಟು ಗೊತ್ತಿದೆ ಅವಳಿಗೆ.

ಹಳೇ ವಿಸ್ತರಣೆ

ಕೊನೆಯ ಕಂತಿನ ಮಾತು ಬಹಳ ಸರಿ. ಅದು ಅವರಿಗೆ ಅರ್ಥವಾಗುವ ಭಾಷೆ. ಪತ್ರದಲ್ಲಿ ಜನವರಿ ಮಳೆಯ ಪ್ರಶ್ನೆಯನ್ನು ಮೊದಲ ಪ್ಯಾರಾದಲ್ಲೇ ಹಾಕಿ. ಬೇಡಿಕೆ ಆಮೇಲೆ. ಬರೀ ಬೇಡಿಕೆ ಇದ್ದರೆ ಮನವಿಗಳ ಫೈಲಿಗೆ ಹೋಗುತ್ತದೆ.

ಲೆಕ್ಕಪತ್ರ

ನಾನು ಜೊತೆಗೆ ಒಂದು ಆರ್‌ಟಿಐ ಹಾಕುತ್ತೇನೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ಜಿಲ್ಲೆಯ ಸಲಹಾ ಸಮಿತಿಗಳಲ್ಲಿ ರೈತರ ಪರ ಯಾರಿದ್ದಾರೆ, ಕಳೆದ ಮೂರು ವರ್ಷದ ನಡಾವಳಿ ಏನು ಅಂತ. ಹೆಸರು ಬಂದರೆ ಇಲ್ಲಿ ಹಾಕುವುದಿಲ್ಲ, ಬೇಕಾದವರಿಗೆ ನಡಾವಳಿ ಕಳುಹಿಸುತ್ತೇನೆ.

ಗದ್ದೆಬದಿ

ಸರಿ ಮಾರಾಯ್ರೇ, ನಾನೂ ಬರುತ್ತೇನೆ. ಹೂಮಳೆ ಅಣ್ಣ, ಗೋಣಿಕೊಪ್ಪದಿಂದ ಬೆಳಿಗ್ಗೆ ಜೀಪು ಹೊರಡುತ್ತದೆ, ಇನ್ನೂ ಮೂರು ಜನಕ್ಕೆ ಜಾಗ ಇದೆ. ಪಲಾವ್ ತಿನ್ನದೆ ಮಾತ್ರ ವಾಪಸ್ ಬರುವುದಿಲ್ಲ.

ಏಲಕ್ಕಿಮಲೆ

ನಮ್ಮ ಕಡೆಯಿಂದ ನಾನು ಮತ್ತು ಆ ಅಜ್ಜಿ. ಅವರ ಅವತ್ತಿನ ಕೂಲಿ ಈ ಸಲ ನಾನೇ ಕೊಡುತ್ತೇನೆ, ಆದರೆ ರಶೀದಿ ಬರೆದು ಯೋಜನೆಯವರ ಕೈಗೆ ಕೊಡುತ್ತೇನೆ. ಏನು ಹೇಳುತ್ತಾರೆ ನೋಡೋಣ. ಹಾಡಿಯಿಂದ ಯಾರಾದರೂ ಬರುತ್ತಾರಾ ಮೇಷ್ಟ್ರೇ?

ಹಾಡಿಮೇಷ್ಟ್ರು

ಕೇಳಿ ಹೇಳುತ್ತೇನೆ ಅಕ್ಕ. ಇಬ್ಬರು ಹುಡುಗಿಯರು ಮನಸ್ಸು ಮಾಡಿದ್ದಾರೆ. ಬಸ್ಸಿನ ಸಮಯ ನೋಡಬೇಕು.